ಎಂಜಿನಿಯರಿಂಗ್ ಶಿಕ್ಷಣದಲ್ಲಿ ವೃತ್ತಿನೀತಿಸಂಹಿತೆ

ಎಂಜಿನಿಯರುಗಳ ವೃತ್ತಿನೀತಿಸಂಹಿತೆಯ ಇತಿಹಾಸವೂ ಅದನ್ನು ವಿದ್ಯಾರ್ಥಿಗಳಿಗೆ ಬೋಧಿಸಿದುದರ ಇತಿಹಾಸವೂ ಒಂದೇ ಎಂಬಂತೆ ನಿರೂಪಿಸುವ ಪರಿಪಾಠ ಪಠ್ಯಗ್ರಂಥಗಳಲ್ಲಿ ಬೆಳೆದು ಬಂದಿದೆಯಾದರೂ, ಅಮೆರಿಕದ ಮಟ್ಟಿಗೆ ಇವೆರಡರ ನಡುವೆ ಅರ್ಧ ಶತಮಾನಕ್ಕೂ ಮಿಕ್ಕ ಅಂತರವುಂಟು. ಅಲ್ಲಿಯ ವಿದ್ಯುತ್ ಎಂಜಿನಿಯರುಗಳ ಸಂಸ್ಥೆ 1912ರಲ್ಲಿಯೂ ಸಿವಿಲ್ ಎಂಜಿನಿಯರುಗಳ ಸಂಘ 1914ರಲ್ಲಿಯೂ ಸಂಹಿತೆಗಳನ್ನು ಅಂಗೀಕರಿಸಿದುವು. ಇವುಗಳಲ್ಲಿ ಮೊದಲಿನದು, ಕೆಲಸ ವಹಿಸಿದ ಧಣಿಯ ಹಿತರಕ್ಷಣೆಯೇ ಎಂಜಿನಿಯರನ ಪ್ರಥಮ ಕರ್ತವ್ಯವೆಂದು ವಿಧಿಸಿತ್ತು. ಜನತೆಯ ಸುರಕ್ಷತೆ, ಆರೋಗ್ಯ, ಕ್ಷೇಮಗಳೇ ಸರ್ವೋಪರಿ ಎಂಬ, ಇಂದು ತರಗತಿಯ ಮೊದಲ ಪಾಠವೇ ಆಗಿರುವ ಸೂತ್ರ, ಎಂಜಿನಿಯರುಗಳ ವೃತ್ತಿವಿಕಾಸ ಮಂಡಲಿಯ ಸಂಹಿತೆಯನ್ನು 1974ರಲ್ಲಿ ಪರಿಷ್ಕರಿಸಿದಾಗ ಬಂದುದು.

ಕೆನಡಾದಲ್ಲಿ 1925ರಿಂದ, ಪದವಿಯ ಹೊಸ್ತಿಲಲ್ಲಿರುವ ವಿದ್ಯಾರ್ಥಿಗಳು ಆಂಗ್ಲ ಕವಿ ಕಿಪ್ಲಿಂಗ್ ರಚಿಸಿಕೊಟ್ಟ ಪ್ರತಿಜ್ಞೆಯನ್ನು ಸ್ವೀಕರಿಸಿ, ದುಡಿಯುವ ಕೈಯ ಕಿರುಬೆರಳಿಗೆ ಕಬ್ಬಿಣದ ಉಂಗುರ ತೊಡುತ್ತಾರೆ. 1907ರಲ್ಲಿ ಕುಸಿದು 75 ಮಂದಿಯನ್ನು ಬಲಿ ತೆಗೆದುಕೊಂಡ ಕ್ವಿಬೆಕ್ ಸೇತುವೆಯ ಲೋಹದಿಂದ ಆ ಉಂಗುರಗಳನ್ನು ಮಾಡಿದರೆಂಬುದು ದಂತಕಥೆ. ಅದು ದೀಕ್ಷೆಯೇ ಹೊರತು ಪಾಠವಲ್ಲ. ಪಾಠದ ಸ್ವರೂಪ ಮೂಡಿದುದು, ಅಮೆರಿಕದಲ್ಲಿ 1978ರಲ್ಲಿ ರಾಬರ್ಟ್ ಬಾಮ್ ಅವರ ನೇತೃತ್ವದಲ್ಲಿ ತತ್ತ್ವಶಾಸ್ತ್ರಜ್ಞರನ್ನೂ ಎಂಜಿನಿಯರುಗಳನ್ನೂ ಜೊತೆಗೂಡಿಸಿದ ರಾಷ್ಟ್ರೀಯ ಯೋಜನೆಯಿಂದ. ಈ ವಿಷಯವನ್ನು ಕುರಿತ ಮಾರ್ಟಿನ್ ಮತ್ತು ಶಿಂಜಿಂಗರ್ ಅವರ ಪಠ್ಯಪುಸ್ತಕ 1983ರಲ್ಲಿ ಹೊರಬಂದಿತು.

ಸಂಹಿತೆಯ ವಾಕ್ಯಗಳನ್ನು ಬರಿದೆ ಓದಿಸಿದರೆ ವಿದ್ಯಾರ್ಥಿಗೆ ನಾಟುವುದಿಲ್ಲವೆಂದು ಬೋಧಕರು ನಿದರ್ಶನಗಳನ್ನು ಅರಸಿದರು. ಅವುಗಳಲ್ಲಿ ಬಹುಪ್ರಸಿದ್ಧವಾದುದು ನ್ಯೂಯಾರ್ಕಿನ 59 ಅಂತಸ್ತಿನ ಸಿಟಿಕಾರ್ಪ್ ಗೋಪುರ. ಗೊಂದಲವೂ ಅದರ ಸುತ್ತಲೇ ಹೆಚ್ಚು. ನಿವೇಶನದ ಮೂಲೆಯಲ್ಲಿ ಚರ್ಚೊಂದು ಇದ್ದುದರಿಂದ, ಮೇಜಿನ ಕಾಲುಗಳನ್ನು ಮೂಲೆಗಳಿಂದ ಕಿತ್ತು ಅಂಚುಗಳ ನಡುಮಧ್ಯಕ್ಕೆ ನೆಟ್ಟಂತೆ, ಇಡೀ ಕಟ್ಟಡವನ್ನು ನಾಲ್ಕು ಬೃಹತ್ ಕಂಬಗಳ ಮೇಲೆ ನಿಲ್ಲಿಸಲಾಯಿತು. ಒಳಗಿನ ಓರೆ ಉಕ್ಕುಗಳಿಗೆ ಬೆಸುಗೆಯ ಬದಲು ಬೋಲ್ಟುಗಳನ್ನು ಹಾಕಿದ್ದರೆಂಬುದು, ರಚನಾ ಎಂಜಿನಿಯರ್ ವಿಲಿಯಂ ಲಮೆಶರರ್ ಅವರಿಗೆ ತಿಳಿದದ್ದು 1978ರಲ್ಲಿ, ಕಟ್ಟಡದಲ್ಲಿ ಜನ ಕೆಲಸಕ್ಕೆ ಕುಳಿತ ಮೇಲೆ. ಮೂಲೆಯ ಮೇಲೆ ಓರೆಯಾಗಿ ಬೀಸುವ ಗಾಳಿಯನ್ನು ಲೆಕ್ಕಕ್ಕೆ ಹಿಡಿದು, ಬೋಲ್ಟಿನ ಕೀಲುಗಳು ಅದನ್ನು ತಾಳಲಾರವೆಂದು ಕಂಡ ಅವರು ತಪ್ಪನ್ನು ತಾವೇ ಒಪ್ಪಿಕೊಂಡರು; ರಾತ್ರಿಯ ಹೊತ್ತು, ಎರಡಂಗುಲ ದಪ್ಪದ ಉಕ್ಕಿನ ಹಲಗೆಗಳನ್ನು ಕೀಲುಗಳಿಗೆ ಬೆಸೆಯಲಾಯಿತು. ಪತ್ರಿಕೆಗಳ ಮುಷ್ಕರವೂ ಅದೇ ಕಾಲಕ್ಕೆ ಒದಗಿದ್ದರಿಂದ ಸುದ್ದಿ ಹೊರಬೀಳಲಿಲ್ಲ. ಜೋ ಮಾರ್ಗನ್‌ಸ್ಟರ್ನ್ 1995ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬರೆದ ಮೇಲೆಯೇ ಲೋಕಕ್ಕೆ ತಿಳಿದದ್ದು. ಆ ಕೂಡಲೇ ಲಮೆಶರರ್ ತರಗತಿಗಳಲ್ಲಿ ಆದರ್ಶಪುರುಷರಾದರು.

ಕಥೆಗೆ ನಾಂದಿಯಾದುದು ಒಬ್ಬ ವಿದ್ಯಾರ್ಥಿಯ ದೂರವಾಣಿ ಕರೆಯೆಂದು ಪ್ರಸಿದ್ಧಿ. ಆ ವಿದ್ಯಾರ್ಥಿ ಯಾರೆಂಬ ಪ್ರಶ್ನೆಗೆ ಮಾತ್ರ ಇಂದಿಗೂ ಒಮ್ಮತದ ಉತ್ತರವಿಲ್ಲ. 1978ರಲ್ಲಿಯೇ ಪ್ರಿನ್ಸ್‌ಟನ್ನಿನಲ್ಲಿ ಈ ಕಟ್ಟಡವನ್ನು ಕುರಿತು ಪ್ರಬಂಧ ಬರೆದ ಡಯೇನ್ ಹಾರ್ಟ್ಲಿ ಅವರು ಅನುಮಾನವನ್ನು ತಿಳಿಸಿದುದು ಲಮೆಶರರ್ ಕಚೇರಿಯ ಕಿರಿಯ ಎಂಜಿನಿಯರರಿಗೆ, ಲಮೆಶರರ್ ಅವರಿಗಲ್ಲ. ಲಮೆಶರರ್ ನೆನೆದುದಾದರೋ ಒಬ್ಬ ಯುವಕನನ್ನು. ಪ್ರಾಧ್ಯಾಪಕ ಯೂಜೀನ್ ಕ್ರೆಮರ್ ಅವರ ಆಕ್ಷೇಪ ಇನ್ನೂ ಆಳವಾದುದು: ಜನತೆಯ ಕ್ಷೇಮವೇ ಸರ್ವೋಪರಿಯಾಗಿದ್ದ ಪಕ್ಷದಲ್ಲಿ, ಸುತ್ತಲ ನಿವಾಸಿಗಳಿಂದ ಅಪಾಯವನ್ನು ಮರೆಮಾಚಿದುದು ಸಂಹಿತೆಗೆ ಹೊಂದುವುದೆಂತು? ಸಂಪಾದಕನ ದೃಷ್ಟಿಯಲ್ಲಿ ಈ ಆಕ್ಷೇಪ ನ್ಯಾಯವಾದುದು. ನಿದರ್ಶನವನ್ನು ಕೈಬಿಡಬೇಕಾಗಿಲ್ಲ, ಪೂರ್ತಿಯಾಗಿ ಹೇಳಬೇಕು. ಓರೆಗಾಳಿಗಿಂತ ಮುಖಕ್ಕೆ ನೇರ ಬೀಸುವ ಗಾಳಿಯೇ ಆ ಕಟ್ಟಡಕ್ಕೆ ಹೆಚ್ಚು ಭಾರವೆಂದು ಅಮೆರಿಕದ ಮಾನಕ ಸಂಸ್ಥೆಯ ಸಂಶೋಧಕರು ಈಚೆಗೆ ಗಣಿಸಿರುವುದರಿಂದ, ಕಥೆಯ ತಾಂತ್ರಿಕ ತಳಹದಿಯೂ ಮರುಪರಿಶೀಲನೆಗೆ ಒಳಗಾಗಿದೆ.

ಭಾರತ 2014ರಲ್ಲಿ, ಎಂಜಿನಿಯರಿಂಗ್ ಪದವಿಗಳ ಪರಸ್ಪರ ಮಾನ್ಯತೆಗೆ ಸಂಬಂಧಿಸಿದ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆದ ಬಳಿಕ, ಮಾನ್ಯತೆ ಬಯಸುವ ಕಾಲೇಜುಗಳು ಪದವೀಧರನ ಗುಣಗಳಲ್ಲಿ ವೃತ್ತಿನೀತಿಯನ್ನೂ ತೋರಿಸಬೇಕಾಗಿದೆ. ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2018ರ ಪಠ್ಯಕ್ರಮದಲ್ಲಿ ಭಾರತದ ಸಂವಿಧಾನ, ವೃತ್ತಿನೀತಿ, ಸೈಬರ್ ಕಾನೂನು ಮೂರನ್ನೂ ಒಂದೇ ವಿಷಯವಾಗಿ ಕೂಡಿಸಿತು. ಅದರ ಪರೀಕ್ಷೆ ಬಹುಆಯ್ಕೆಯ ಪ್ರಶ್ನೆಗಳದಾಗಿತ್ತು.