ಎಲೆಕ್ಟ್ರಾನ್‌ಗಳ ಧ್ರುವೀಕರಣ: ಅಳೆಯೋದು ಹೇಗೆ, ನಂಬೋದು ಯಾಕೆ?

ಧ್ರುವೀಕರಣ ಅಂದ ಕೂಡಲೇ ನಮಗೆ ನೆನಪಾಗೋದು ಚುನಾವಣೆ. ಭೌತವಿಜ್ಞಾನದಲ್ಲಿ ಅದರ ಅರ್ಥ ಬೇರೆ, ಲೆಕ್ಕ ಮಾತ್ರ ಮತಗಳ ಅಂತರದ್ದೇ. ಎಲೆಕ್ಟ್ರಾನಿನ ಸ್ಪಿನ್ ಅದು ಸಾಗುವ ದಿಕ್ಕಿಗೇ ಇರಬಹುದು, ವಿರುದ್ಧವೂ ಇರಬಹುದು. ನೂರರಲ್ಲಿ 94 ಒಂದು ಕಡೆ, 6 ಇನ್ನೊಂದು ಕಡೆ ಇದ್ದರೆ ಆ ಪುಂಜದ ಧ್ರುವೀಕರಣ ಶೇ 88.

ಇದು ಯಾಕೆ ಮುಖ್ಯ? ಅಮೆರಿಕದ ವರ್ಜೀನಿಯಾದಲ್ಲಿರುವ ಜೆಫರ್ಸನ್ ಲ್ಯಾಬ್‌ನಲ್ಲಿ 2010ರಿಂದ 2012ರವರೆಗೆ ಕ್ಯೂ-ವೀಕ್ ಪ್ರಯೋಗ ನಡೆಯಿತು. ಪ್ರೋಟಾನಿನ ಮೇಲೆ ದುರ್ಬಲ ಬಲದ ಹಿಡಿತ ಎಷ್ಟು ಅನ್ನೋದು ಪ್ರಶ್ನೆ. ಪುಂಜದ ಸ್ಪಿನ್ ತಿರುಗಿಸಿದಾಗ ಪ್ರೋಟಾನಿಗೆ ತಾಗಿ ಚದುರುವ ಎಲೆಕ್ಟ್ರಾನ್‌ಗಳ ಎಣಿಕೆ ತುಸು ಬದಲಾಗುತ್ತೆ. ಆ ಅಸಮತೆ ನೂರು ಕೋಟಿಗೆ ಸುಮಾರು 226 ಪಾಲು, ಅಷ್ಟೇ! ಈ ಉತ್ತರ ಸಿಗಬೇಕಾದರೆ ಅಳತೆಯನ್ನು ಧ್ರುವೀಕರಣದಿಂದ ಭಾಗಿಸಬೇಕು. ಅಲ್ಲಿ ಶೇ 1 ತಪ್ಪಿದರೆ ಉತ್ತರವೂ ಶೇ 1 ತಪ್ಪುತ್ತೆ.

ಅಳೆಯೋಕೆ ಎರಡು ಉಪಕರಣಗಳಿದ್ದವು. ಮೋಲರ್ ವಿಧಾನದಲ್ಲಿ ಪುಂಜವನ್ನು ಕಾಂತೀಕರಿಸಿದ ಕಬ್ಬಿಣದ ತೆಳು ಹಾಳೆಯ ಮೇಲೆ ಹಾಯಿಸುತ್ತಾರೆ. ಕಬ್ಬಿಣದ ಪರಮಾಣುವಿನ 26 ಎಲೆಕ್ಟ್ರಾನ್‌ಗಳಲ್ಲಿ ಎರಡರಷ್ಟು ಮಾತ್ರ ಸಾಲಾಗಿ ನಿಲ್ಲುತ್ತವೆ. ಅವುಗಳ ಜೊತೆಗಿನ ಡಿಕ್ಕಿ ಸ್ಪಿನ್‌ಗೆ ತಕ್ಕಂತೆ ಹೆಚ್ಚುಕಮ್ಮಿ ಆಗುತ್ತೆ. ತೊಡಕೆಂದರೆ ಹಾಳೆ ಬಿಸಿಯಾದರೆ ಕಾಂತತೆ ಇಳಿಯುತ್ತೆ. ಹಾಗಾಗಿ ಪ್ರಯೋಗ ನಿಲ್ಲಿಸಿ, ಕರೆಂಟ್ ತೀರಾ ತಗ್ಗಿಸಿಯೇ ಅಳೆಯಬೇಕು. ಕಾಂಪ್ಟನ್ ವಿಧಾನದಲ್ಲಿ ಹಾಳೆಯ ಬದಲು ಹಸಿರು ಲೇಸರ್. ಬೆಳಕಿಗೆ ಡಿಕ್ಕಿ ಹೊಡೆಯೋದು ಎಲ್ಲೋ ಕೆಲವು ಎಲೆಕ್ಟ್ರಾನ್‌ಗಳು ಮಾತ್ರ, ಪ್ರಯೋಗ ನಡೆಯುತ್ತಲೇ ಇರುತ್ತೆ.

ನಿಜವಾದ ತಲೆನೋವು ಇರೋದು ಇಲ್ಲಿ. ಕ್ಯೂ-ವೀಕ್ ನಡೆದದ್ದು 180 ಮೈಕ್ರೋಆಂಪಿಯರ್‌ನಲ್ಲಿ, ಮೋಲರ್ ಅಳೆಯೋದು ಕೆಲವೇ ಮೈಕ್ರೋಆಂಪಿಯರ್‌ನಲ್ಲಿ. ಕಡಿಮೆ ಕರೆಂಟಿನಲ್ಲಿ ಸಿಕ್ಕ ಸಂಖ್ಯೆ ಹೆಚ್ಚಿನ ಕರೆಂಟಿಗೂ ಹೊಂದುತ್ತೆ ಅಂತ ಸುಮ್ಮನೆ ಒಪ್ಪಿಕೊಳ್ಳೋದಾ? ಒಂದು ವಾರ್ಡಿನ ಸಮೀಕ್ಷೆ ಹಿಡಿದು ಇಡೀ ರಾಜ್ಯದ ಫಲಿತಾಂಶ ಹೇಳಿದ ಹಾಗಾಗುತ್ತೆ.

ತಂಡ ಹಾಗೆ ಮಾಡಲಿಲ್ಲ. ಕರೆಂಟನ್ನು 5 ಮೈಕ್ರೋಆಂಪಿಯರ್‌ಗಿಂತ ಕೆಳಗಿಳಿಸಿ ಎರಡೂ ಉಪಕರಣಗಳಿಂದ ಅಳೆದರು. ಅದಕ್ಕೆ ಮುಂಚೆ ಮತ್ತು ಆಮೇಲೆ 180ರಲ್ಲಿ ಕಾಂಪ್ಟನ್ ಎಂದಿನಂತೆ ಓಡಿತ್ತು. ಅಷ್ಟು ಕಡಿಮೆ ಕರೆಂಟಿನಲ್ಲಿ ಕಾಂಪ್ಟನ್ ಓಡಿಸೋದು ಸುಲಭವಲ್ಲ, ಡಿಕ್ಕಿಗಳೇ ಕಡಿಮೆ. ಆದರೂ ಎಲ್ಲ ಅಳತೆಗಳು ಶೇ 1ರ ಒಳಗಿನ ಅನಿಶ್ಚಿತತೆಯಲ್ಲಿ ತಾಳೆಯಾದವು. 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಂತಿಮ ಫಲಿತಾಂಶಕ್ಕಿಂತ ಈ ತಾಳೆ ನೋಡಿದ ಕೆಲಸವೇ ನನಗೆ ದೊಡ್ಡದಾಗಿ ಕಾಣುತ್ತೆ. ಅದೇ ಲ್ಯಾಬ್‌ನಲ್ಲಿ ತಯಾರಾಗುತ್ತಿರುವ, ಹೆಸರೇ 'ಮೋಲರ್' ಆಗಿರುವ ಮುಂದಿನ ಪ್ರಯೋಗಕ್ಕೆ ಶೇ 1 ಸಾಲದು, ಶೇ 0.4ರ ನಿಖರತೆ ಬೇಕು.