ಹವಾಗುಣದ ಜಾಗತಿಕ ವಿವಾದವೂ ನಮ್ಮ ವಯನಾಡೂ

ಹವಾಗುಣದ ಬದಲಾವಣೆಯನ್ನು ತಡೆಯುವ ಬಗ್ಗೆ ಲೋಕದ ರಾಷ್ಟ್ರಗಳು ಮೂರು ದಶಕಗಳಿಗೂ ಮಿಕ್ಕಿ ಸಭೆ ಸೇರುತ್ತ ಬಂದಿವೆ. ಆ ಸಭೆಗಳ ಜಗಳ ನಮಗೆ ದೂರದ್ದು, ವೃತ್ತಪತ್ರಿಕೆಯ ಒಳಪುಟಕ್ಕೆ ಸೇರಿದ್ದು ಎಂದು ಭಾವಿಸುವ ಅಧ್ಯಾಪಕ ಬಂಧುಗಳು ಹಲವರಿದ್ದಾರೆ. ನಮ್ಮ ಅಭಿಪ್ರಾಯ ಬೇರೆ. ರಿಯೊ, ಕ್ಯೋಟೊ, ಪ್ಯಾರಿಸ್ ನಗರಗಳಲ್ಲಿ ನಡೆದ ವಾದವೇ ವೇಷ ಬದಲಿಸಿಕೊಂಡು 2011ರಿಂದೀಚೆಗೆ ಕಲ್ಪೆಟ್ಟದಲ್ಲಿಯೂ ಮಡಿಕೇರಿಯಲ್ಲಿಯೂ ನಡೆದಿದೆ. ಅಲ್ಲಿ ಭಾರತವು ವಾದಿ. ಇಲ್ಲಿ ಅದೇ ಭಾರತವು ಪ್ರತಿವಾದಿ. ಈ ಎರಡು ಕಥೆಗಳನ್ನು ಒಟ್ಟಿಗಿಟ್ಟು ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಹೊರಗಿನ ಕಥೆ. 1972ರ ಜೂನಿನಲ್ಲಿ ಸ್ಟಾಕ್‌ಹೋಮಿನಲ್ಲಿ ಕೂಡಿದ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು, ಬಡತನದ ಪ್ರಶ್ನೆಯನ್ನು ಬದಿಗಿಟ್ಟು ಪರಿಸರದ ಪ್ರಶ್ನೆಯನ್ನು ಬಿಡಿಸಲಾಗದೆಂದು ವಾದಿಸಿದರು. 1991ರಲ್ಲಿ ದೆಹಲಿಯ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಅವರು ಒಂದು ಚಿಕ್ಕ ಪುಸ್ತಕದಲ್ಲಿ ಇದೇ ವಾದಕ್ಕೆ ಲೆಕ್ಕದ ಬಲ ಕೊಟ್ಟರು. ಬಡವನ ಗದ್ದೆಯಿಂದೇಳುವ ಅನಿಲವನ್ನೂ ಸಿರಿವಂತನ ಮೋಟಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೆಂಬುದು ಅವರ ಮಾತಿನ ತಿರುಳು. ವಯಲುಗಳ ನಾಡು ಎಂದು ಹಲವರು ಅರ್ಥ ಹೇಳುವ ನಮ್ಮ ಜಿಲ್ಲೆಯವರಿಗೆ ಈ ಮಾತು ವಿವರಣೆಯಿಲ್ಲದೆ ತಿಳಿದೀತು. 1992ರ ರಿಯೊ ಸಮ್ಮೇಳನದಲ್ಲಿ ಸಹಿಗೆ ತೆರೆದ ಒಡಂಬಡಿಕೆಯು ಈ ವಾದವನ್ನು ಒಂದು ಸೂತ್ರವಾಗಿ ಒಪ್ಪಿಕೊಂಡಿತು. ಹೊಣೆ ಎಲ್ಲರದ್ದು, ಆದರೆ ಎಲ್ಲರದ್ದೂ ಒಂದೇ ಅಳತೆಯದಲ್ಲ. ಮೊದಲು ಸುಟ್ಟವರು ಮೊದಲು ಹೊರಬೇಕು.

ಸೂತ್ರ ಒಪ್ಪುವುದು ಸುಲಭ, ಹೊರೆ ಹಂಚುವುದು ಕಷ್ಟ. 1997ರ ಡಿಸೆಂಬರಿನ ಕ್ಯೋಟೊ ಒಪ್ಪಂದವು ಸಿರಿವಂತ ದೇಶಗಳಿಗೆ ಮಾತ್ರ ಮಿತಿ ವಿಧಿಸಿತು. ಅದಕ್ಕೆ ಐದು ತಿಂಗಳ ಮುಂಚೆಯೇ ಅಮೆರಿಕದ ಸೆನೆಟ್ಟು, ಬಡ ರಾಷ್ಟ್ರಗಳಿಗೂ ಮಿತಿಯಿಲ್ಲದ ಯಾವ ಒಪ್ಪಂದಕ್ಕೂ ಸಹಿ ಹಾಕಬಾರದೆಂದು 95 ಮತಗಳಿಂದ ನಿರ್ಣಯಿಸಿತ್ತು. ವಿರುದ್ಧವಾಗಿ ಒಂದು ಮತವೂ ಬೀಳಲಿಲ್ಲ. 2001ರಲ್ಲಿ ಅಧ್ಯಕ್ಷ ಬುಷ್ ಕ್ಯೋಟೊವನ್ನು ಕೈಬಿಟ್ಟರು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿಯೊಂದು ದೇಶವೂ ತನ್ನ ಪಾಲನ್ನು ತಾನೇ ಗೊತ್ತುಮಾಡಿಕೊಳ್ಳುವ ಏರ್ಪಾಡಾಯಿತು. ಅದರಿಂದಲೂ ಅಮೆರಿಕವು 2020ರ ನವೆಂಬರಿನಲ್ಲಿ ಹೊರಬಂದು, 2021ರ ಫೆಬ್ರವರಿಯಲ್ಲಿ ಒಳಹೊಕ್ಕು, 2025ರ ಜನವರಿಯಲ್ಲಿ ಮತ್ತೆ ಹೊರಡುವ ಆಜ್ಞೆ ಹೊರಡಿಸಿತು. ಒಂದು ಚುನಾವಣೆಗೆ ಒಂದು ನೀತಿ.

ಹಣದ ಕಥೆ ಇನ್ನೂ ಸ್ವಾರಸ್ಯದ್ದು. ವರ್ಷಕ್ಕೆ 100 ಬಿಲಿಯ, ಎಂದರೆ ಹತ್ತು ಸಾವಿರ ಕೋಟಿ ಡಾಲರನ್ನು 2020ರೊಳಗೆ ಬಡ ದೇಶಗಳಿಗೆ ಒದಗಿಸುವೆವೆಂದು 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮಾತು ಕೊಟ್ಟರು. ಕೊಟ್ಟವರ ಲೆಕ್ಕದಂತೆಯೇ ಆ ಮೊತ್ತ ಮೊದಲು ತುಂಬಿದ್ದು 2022ರಲ್ಲಿ. ಅದರಲ್ಲಿಯೂ ದೊಡ್ಡ ಭಾಗ ಸಾಲ. 2024ರಲ್ಲಿ ಬಾಕುವಿನಲ್ಲಿ 2035ಕ್ಕೆ 300 ಬಿಲಿಯ ಡಾಲರು ಎಂದು ಗೊತ್ತುಪಡಿಸಿದಾಗ ಭಾರತದ ಪ್ರತಿನಿಧಿ ಅದೇ ಸಭೆಯಲ್ಲಿ ಎದ್ದುನಿಂತು ಆಕ್ಷೇಪಿಸಿದರು. ನಷ್ಟವಾದವನಿಗೆ ಸಾಲ ಕೊಡುವುದು ಪರಿಹಾರವಲ್ಲ ಎಂಬ ಭಾರತದ ನಿಲುವು ನ್ಯಾಯವಾದುದೆಂದೇ ನಮ್ಮ ಎಣಿಕೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಕೆಲಸವಿದೆ.

ಇನ್ನು ವಯನಾಡು. ಇಲ್ಲಿಯ ಕಾಡು ಕರಗಿದ್ದು ಒಂದೇ ದಿನದಲ್ಲಲ್ಲ, ಒಬ್ಬರ ಕೈಯಿಂದಲೂ ಅಲ್ಲ. 1805ರಲ್ಲಿ ಪಳಶ್ಶಿರಾಜನ ಪತನದ ತರುವಾಯ ನೆಲೆಯೂರಿದ ಇಂಗ್ಲಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿಗಾಗಿ, ಆಮೇಲೆ ಚಹಾಕ್ಕಾಗಿ ಇಳಿಜಾರುಗಳನ್ನು ಬೋಳಿಸಿದರು. 1880ರ ಸುಮಾರಿಗೆ ಚಿನ್ನ ಸಿಗುವುದೆಂಬ ಹುಚ್ಚಿನಲ್ಲಿ ಬೆಟ್ಟಗಳನ್ನು ಅಗೆದುದೂ ಉಂಟು. ಎರಡನೆಯ ಮಹಾಯುದ್ಧದ ಕಾಲದ ಆಹಾರದ ಕೊರತೆಯಲ್ಲಿ ತಿರುವಾಂಕೂರಿನಿಂದ ರೈತ ಕುಟುಂಬಗಳು ಬಂದು, ಮಲೇರಿಯಕ್ಕೆ ಮಕ್ಕಳನ್ನು ಬಲಿಕೊಟ್ಟು, ಮರಗೆಣಸು, ಮೆಣಸು ಬೆಳೆದವು. ಯುದ್ಧದಿಂದ ಮರಳಿದ ಸೈನಿಕರಿಗೆ ಸರಕಾರವೇ ಅಂಬಲವಯಲಿನ ಕಡೆ ಭೂಮಿ ಹಂಚಿತು. ಎಂದರೆ ಕಾಡು ಕಡಿಯುವುದು ಒಂದು ಕಾಲದಲ್ಲಿ ದೇಶಸೇವೆಯೆನಿಸಿತ್ತು. ಇವರೆಲ್ಲರಿಗಿಂತ ಮುಂಚಿನಿಂದ ಇದ್ದ ಪಣಿಯರನ್ನೂ, ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಕಾಟ್ಟುನಾಯ್ಕರನ್ನೂ ಯಾರೂ ಯಾವ ಕಾಲದಲ್ಲಿಯೂ ಕೇಳಲಿಲ್ಲ.

ಕರ್ನಾಟಕದ ಕಡೆಯಿಂದ ಬಂದು ಇಲ್ಲಿ ನೆಲಸಿದ ಜೈನ ಮನೆತನಗಳಲ್ಲಿ ಒಂದು ಕಲ್ಪೆಟ್ಟದ ಗೌಡರ್ ಮನೆತನ. ಆ ಮನೆಯ ಎಂ. ಪಿ. ವೀರೇಂದ್ರಕುಮಾರರು 1987ರಲ್ಲಿ ಕೇರಳದ ಅರಣ್ಯಮಂತ್ರಿಯಾದಾಗ ಮೊದಲು ಹೊರಡಿಸಿದ ಆಜ್ಞೆ, ಕಾಡಿನ ಮರ ಕಡಿಯಬಾರದೆಂಬುದು. ನಲವತ್ತೆಂಟು ಗಂಟೆಗಳೊಳಗೆ ಅವರು ಪದವಿ ಬಿಡಬೇಕಾಯಿತು. ಅವರೇ ಮುಂದೆ ಗ್ಯಾಟ್ ಒಪ್ಪಂದದ ವಿರುದ್ಧ ಮಲೆಯಾಳದಲ್ಲಿ ಗ್ರಂಥ ಬರೆದರು. ಊರಿನ ಕಾಡೂ ಸಿರಿವಂತ ದೇಶಗಳ ಒತ್ತಡವೂ ಒಬ್ಬನೇ ಮನುಷ್ಯನ ಚಿಂತೆಗಳಾಗಬಲ್ಲವೆಂಬುದಕ್ಕೆ ನಮ್ಮೂರಿನಲ್ಲೇ ಇಂಥ ನಿದರ್ಶನವಿತ್ತು.

2010ರಲ್ಲಿ ಕೇಂದ್ರದ ಪರಿಸರ ಮಂತ್ರಿ ಜೈರಾಂ ರಮೇಶರು ಪಶ್ಚಿಮಘಟ್ಟಗಳ ಅಧ್ಯಯನಕ್ಕೆ ಒಂದು ಸಮಿತಿ ನೇಮಿಸಿದರು. ಅದರ ಅಧ್ಯಕ್ಷರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದ ಮಾಧವ ಗಾಡ್ಗೀಳರು. 2011ರ ಆಗಸ್ಟ್ 31ರಂದು ಒಪ್ಪಿಸಿದ ವರದಿಯು ಘಟ್ಟಪ್ರದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿ ವೈತಿರಿ, ಮಾನಂದವಾಡಿ, ಸುಲ್ತಾನ್ ಬತ್ತೇರಿ ತಾಲೂಕುಗಳನ್ನು ಮೊದಲನೆಯ, ಎಂದರೆ ಅತಿ ಸೂಕ್ಷ್ಮವಾದ ವಲಯದಲ್ಲಿ ಇರಿಸಿತು. ಗ್ರಾಮಸಭೆಗಳು ಚರ್ಚಿಸಿ ತೀರ್ಮಾನಿಸಬೇಕೆಂದೂ, ಮಣ್ಣನ್ನೂ ಕಾಡನ್ನೂ ಕಾಪಾಡುವ ರೈತನಿಗೆ ಅದಕ್ಕಾಗಿ ಹಣ ಸಲ್ಲಬೇಕೆಂದೂ ವರದಿಯಲ್ಲಿತ್ತು. ಆದರೆ ಸರಕಾರ ಅದನ್ನು ಕಪಾಟಿನಲ್ಲಿಟ್ಟಿತು. ಮಾಹಿತಿ ಆಯೋಗದ ಆಜ್ಞೆಯಾದ ಮೇಲೆ, 2012ರ ಮೇ ತಿಂಗಳಲ್ಲಿ ಅದು ಹೊರಬಂತು. ಮುಚ್ಚಿಟ್ಟ ಕಾಗದದ ಬಗ್ಗೆ ಜನ ಒಳ್ಳೆಯದನ್ನು ಊಹಿಸುವುದುಂಟೆ? ರೈತನ ಕಿವಿಗೆ ಬಿದ್ದದ್ದು ನಿಷೇಧಗಳ ಪಟ್ಟಿ ಮಾತ್ರ. ಹಣದ ಸಂಗತಿ ಬೀಳಲೇ ಇಲ್ಲ.

ತರುವಾಯ ಬಾಹ್ಯಾಕಾಶ ವಿಜ್ಞಾನಿ ಕಸ್ತೂರಿರಂಗನ್ನರ ಸಮಿತಿ ಬಂತು. 2013ರ ಏಪ್ರಿಲಿನ ಅದರ ವರದಿಯು ಘಟ್ಟದ ನೂರಕ್ಕೆ ಸುಮಾರು 37 ಭಾಗವನ್ನು ಮಾತ್ರ ಉಳಿಸಿಕೊಂಡಿತು. ಕೇರಳದಲ್ಲಿ 123 ಗ್ರಾಮಗಳು. ಅವುಗಳಲ್ಲಿ ವಯನಾಡಿನವು 13. ಅಷ್ಟಕ್ಕೂ 2013ರ ನವೆಂಬರಿನಲ್ಲಿ ಮಲೆನಾಡು ಜಿಲ್ಲೆಗಳು ಹರತಾಳದಿಂದ ಸ್ತಬ್ಧವಾದವು. ತಾಮರಶ್ಶೇರಿಯಲ್ಲಿ ಅರಣ್ಯ ಕಚೇರಿಗೆ ಬೆಂಕಿ ಬಿತ್ತು. ಗಾಡ್ಗೀಳ್ ವರದಿಯ ಪರ ನಿಂತ ಇಡುಕ್ಕಿಯ ಲೋಕಸಭಾ ಸದಸ್ಯ ಪಿ. ಟಿ. ಥಾಮಸರ ಅಣಕು ಶವಯಾತ್ರೆ ನಡೆಯಿತು. 2014ರಲ್ಲಿ ಅವರಿಗೆ ಪಕ್ಷದ ಟಿಕೇಟೂ ದೊರೆಯಲಿಲ್ಲ. ಕರ್ನಾಟಕದ ನಡತೆ ಇದಕ್ಕಿಂತ ಬೇರೆಯಾಗಿರಲಿಲ್ಲ. ಘಟ್ಟದ 39 ತಾಣಗಳು 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರುವಾಗಲೂ ಅಲ್ಲಿಯ ಅಂದಿನ ಸರಕಾರ ವಿರೋಧಿಸಿತ್ತು. ಬೇರೆ ಪಕ್ಷದ ಸರಕಾರವೊಂದು 2024ರ ಸೆಪ್ಟೆಂಬರಿನಲ್ಲಿ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಈ ವಿಷಯದಲ್ಲಿ ಮಾತ್ರ ನಮ್ಮ ಎರಡು ರಾಜ್ಯಗಳ ಪಕ್ಷಗಳಿಗೆ ಗಡಿಯ ತಂಟೆಯಿಲ್ಲ.

ರೈತನ ವಾದವೇನು? ನಮ್ಮ ಅಜ್ಜಂದಿರು ಕಡಿದರು, ನಿಜ. ಅದಕ್ಕೂ ಮುಂಚೆ ತೋಟದ ದೊರೆಗಳು ನಮ್ಮ ನೂರು ಪಾಲು ಕಡಿದರು. ಪಟ್ಟಣಗಳು ಕಟ್ಟಡ ಕಟ್ಟಿ ಮುಗಿಸಿದ ಮೇಲೆ ನಮ್ಮ ಮನೆಗೆ ಕಲ್ಲು ಬೇಡವೆ? ಕಾಡಿನ ಲಾಭ ಎಲ್ಲರಿಗೆ, ನಷ್ಟ ನಮಗೊಬ್ಬರಿಗೆ ಏಕೆ? ಇದು ಅಕ್ಷರಶಃ ರಿಯೊದಲ್ಲಿ ಭಾರತ ಹೂಡಿದ ವಾದ. ಸಿರಿವಂತ ದೇಶಗಳನ್ನು ಪರಿಹಾರ ಕೇಳುವ ದೆಹಲಿಯು ಮಲೆನಾಡಿನ ರೈತನಿಗೆ ಪರಿಹಾರದ ಮಾತೆತ್ತದೆ ಕರಡು ಅಧಿಸೂಚನೆಯನ್ನಷ್ಟೇ ಕಳುಹಿಸಿತು. 2014ರಿಂದ 2024ರ ವರೆಗೆ ಅಂಥ ಕರಡುಗಳು ಒಟ್ಟು ಆರು.

ಆದರೆ ಇಷ್ಟಕ್ಕೇ ನಿಂತರೆ ಇತಿಹಾಸಕ್ಕೆ ಅಪಚಾರ ಮಾಡಿದಂತೆ. 2007ರಲ್ಲಿ ಗ್ರೀನ್‌ಪೀಸ್ ಸಂಸ್ಥೆಯು, ಭಾರತದ ಸಿರಿವಂತರು ಬಡವರ ಬೆನ್ನ ಹಿಂದೆ ಅಡಗಿಕೊಂಡು ಹೊಗೆಯುಗುಳುತ್ತಾರೆಂದು ಒಂದು ವರದಿಯಲ್ಲಿ ಆಪಾದಿಸಿತು. ಘಟ್ಟದಲ್ಲಿಯೂ ಅದೇ ಆಯಿತು. ಎರಡೆಕರೆ ಮೆಣಸಿನವನ ಹಿಂದೆ ಕಲ್ಲುಕೋರೆಯವನೂ ರೆಸಾರ್ಟಿನವನೂ ನಿಂತಿದ್ದರು. ಹರತಾಳದ ಫಲ ಉಂಡವರು ಅವರು. ಇನ್ನೊಂದು ಭೇದವೂ ಉಂಟು. ಅಮೆರಿಕದ ಇಂಗಾಲಾಮ್ಲವು ಲೋಕದ ಆಕಾಶದಲ್ಲೆಲ್ಲ ಬೆರೆಯುತ್ತದೆ. ಬೆಟ್ಟದ ಇಳಿಜಾರು ಸಡಿಲವಾದರೆ ಅದು ಬೀಳುವುದು ಕೆಳಗಿನ ಮನೆಯ ಮೇಲೆ. ಕೆಳಗಿನ ಮನೆ ಬಹಳ ಸಲ ವಾದದಲ್ಲಿ ಸೇರಿದವನದೇ ಅಲ್ಲ. ಪಾಡಿಗಳೆನ್ನುವ ಲೈನ್ ಮನೆಗಳ ತೋಟದಾಳಿನದು.

2019ರ ಆಗಸ್ಟ್ 8ರಂದು ಮೇಪ್ಪಾಡಿಯ ಪುತ್ತುಮಲೆಯಲ್ಲಿ 17 ಜನ ಮಡಿದರು. 2024ರ ಜುಲೈ 30ರ ನಸುಕಿನಲ್ಲಿ ಅದೇ ಪಂಚಾಯತಿನ ಪುಂಚಿರಿಮಟ್ಟ, ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದವು. ಸತ್ತವರು ಇನ್ನೂರೈವತ್ತಕ್ಕೂ ಮಿಕ್ಕಿ. ಶವಗಳು ಚಾಲಿಯಾರ್ ಹೊಳೆಯಲ್ಲಿ ಹರಿದು ಮಲಪ್ಪುರಂ ಜಿಲ್ಲೆಯ ನಿಲಂಬೂರಿನ ಕಡೆ ದೊರೆತವು. ವೆಳ್ಳಾರ್‌ಮಲೆಯ ಸರಕಾರಿ ಶಾಲೆಯ ಕಟ್ಟಡ ಮುರಿದು, ಅಲ್ಲಿಯ ಮಕ್ಕಳ ಪಾಠ ಮೇಪ್ಪಾಡಿಗೆ ಸ್ಥಳಾಂತರಗೊಂಡಿತು. ಒಂದು ತರಗತಿಯ ಹಾಜರಿ ಪುಸ್ತಕದಲ್ಲಿ ಒಂದೇ ರಾತ್ರಿಯಲ್ಲಿ ಹೆಸರುಗಳು ಕಡಿಮೆಯಾಗುವುದೆಂದರೆ ಏನೆಂಬುದನ್ನು ಅಧ್ಯಾಪಕರಾದ ನಾವು ಬೇರೆಯವರಿಗಿಂತ ಚೆನ್ನಾಗಿ ಅರಿಯಬಲ್ಲೆವು. ಆ ದಿನದ 140 ಮಿಲಿಮೀಟರಿಗೂ ಹೆಚ್ಚಿನ ಮಳೆಯನ್ನು ಪರಿಶೀಲಿಸಿದ ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವು, ಮನುಷ್ಯಕೃತ ಹವಾಗುಣ ಬದಲಾವಣೆಯಿಂದ ಮಳೆಯ ರಭಸ ನೂರಕ್ಕೆ ಸುಮಾರು 10 ಹೆಚ್ಚಿತೆಂದು ಲೆಕ್ಕ ಹಾಕಿತು. ಮುಂಡಕ್ಕೈ ಇರುವುದು ವೆಳ್ಳರಿಮಲ ಗ್ರಾಮದಲ್ಲಿ. ಆ ಗ್ರಾಮ ಹದಿಮೂರರ ಪಟ್ಟಿಯಲ್ಲಿತ್ತು. ಆರನೆಯ ಕರಡಿಗೆ ಹಾಕಿದ ತಾರೀಕು ಜುಲೈ 31, ದುರಂತದ ಮರುದಿನ.

ಹತ್ತು ಪಾಲು ಲೋಕದ ಹೊಗೆಯದಾದರೆ ಉಳಿದ ತೊಂಬತ್ತು ನಮ್ಮದು ಎಂದು ತರಗತಿಯಲ್ಲಿ ಹುಡುಗರು ಕೂಡಿಸಿ ಕಳೆಯುವುದುಂಟು. ಅದು ಸರಿಯಾದ ಗಣಿತವಲ್ಲ. ಒದ್ದೆ ಬೆಟ್ಟಕ್ಕೆ ಕೊನೆಯ ಹನಿಯೂ ಸಾಕು. ಆದರೆ ಎರಡು ಹೊಣೆಗಳಿವೆಯೆಂಬ ಅವರ ತಿಳಿವಳಿಕೆ ಸರಿಯಾದುದೇ.

ಈಗ ನೆನಪಿನಲ್ಲಿಡಲು ಹೇಳಿದ ಮಾತಿಗೆ ಬರೋಣ. 2025ರ ಫೆಬ್ರವರಿಯಲ್ಲಿ ಕೇಂದ್ರವು ವಯನಾಡಿನ ಪುನರ್ನಿರ್ಮಾಣದ 16 ಕೆಲಸಗಳಿಗೆ 529.50 ಕೋಟಿ ರೂಪಾಯಿ ಮಂಜೂರು ಮಾಡಿತು. ಅನುದಾನವಾಗಿ ಅಲ್ಲ, ಐವತ್ತು ವರ್ಷಗಳ ಬಡ್ಡಿಯಿಲ್ಲದ ಸಾಲವಾಗಿ. ಅದನ್ನು ಮಾರ್ಚ್ 31ರೊಳಗೆ ಬಳಸಬೇಕೆಂಬ ಕಟ್ಟಳೆಯೊಂದಿಗೆ. ನಷ್ಟವಾದವನಿಗೆ ಸಾಲವೇ ಎಂದು ಕೇರಳ ಆಕ್ಷೇಪಿಸಿತು. ಬಾಕುವಿನ ಸಭೆ ಮುಗಿದು ಆಗ ಮೂರು ತಿಂಗಳಾಗಿತ್ತಷ್ಟೆ. ಅದೇ ವರ್ಷದ ಅಕ್ಟೋಬರಿನಲ್ಲಿ ವಿಪತ್ತು ನಿಧಿಯಿಂದ 260.56 ಕೋಟಿ ಮಂಜೂರಾದುದನ್ನೂ ಇಲ್ಲಿ ಹೇಳುವುದು ನ್ಯಾಯ. ನಿರಾಶ್ರಿತರ ಹೊಸ ಊರಿಗಾಗಿ ಆರಿಸಿದ್ದು ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟನ್ನು. ಒಂದು ಚಹಾ ತೋಟವನ್ನು.

ವಾದದ ನಡುವೆ ಒಂದು ಸಣ್ಣ ಪ್ರಯೋಗ ಸದ್ದಿಲ್ಲದೆ ನಡೆದಿದೆ. ಪ್ಯಾರಿಸ್ ಒಪ್ಪಂದದ ಮರುವರ್ಷ, 2016ರ ಜೂನ್ 5ರಂದು, ಸುಲ್ತಾನ್ ಬತ್ತೇರಿ ತಾಲೂಕಿನ ಮೀನಂಗಾಡಿ ಪಂಚಾಯತು ತನ್ನ ಇಂಗಾಲದ ಲೆಕ್ಕವನ್ನು ಸರಿದೂಗಿಸುವ ಯೋಜನೆ ಕೈಗೊಂಡಿತು. ಅಂದಿನ ಹಣಕಾಸು ಮಂತ್ರಿ ಥಾಮಸ್ ಐಸಾಕರ ಬೆಂಬಲವೂ ರಾಜ್ಯ ಸರಕಾರದ 10 ಕೋಟಿ ರೂಪಾಯಿಯ ಮೂಲನಿಧಿಯೂ ಅದಕ್ಕಿದ್ದವು. ಅದರಲ್ಲಿ ಮರಗಳ ಬ್ಯಾಂಕೆಂಬ ಏರ್ಪಾಡೊಂದಿದೆ. ರೈತನು ನೆಟ್ಟ ಮರವನ್ನು ಅಡವಿಟ್ಟರೆ ಸಹಕಾರಿ ಬ್ಯಾಂಕಿನಿಂದ ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಹತ್ತು ವರ್ಷ ಬಡ್ಡಿಯಿಲ್ಲದ ಸಾಲ ಸಿಗುತ್ತದೆ. ಮೊತ್ತ ನಗೆ ತರಿಸುವಷ್ಟು ಸಣ್ಣದು. ಇದೂ ಸಾಲವೇ; ಆದರೆ ತೀರಿಸಬೇಕಾದದ್ದು ಮರ ಕಡಿದ ದಿನ.