ಸೋದೆಯ ಅರಸನೂ ಮುಂಡಗೋಡದ ಟಿಬೆಟ್ಟಿಗರೂ: ಆಶ್ರಯದಾನವನ್ನು ಕುರಿತು ಒಂದು ವಿಚಾರ

೧

ಸಿದ್ದಾಪುರ ತಾಲೂಕಿನ ತ್ಯಾಗಲಿಯ ಕಡೆಯಿಂದ ಹೊರಟು ಶಿರಸಿಯನ್ನು ಹಾಯ್ದು ಈಶಾನ್ಯಾಭಿಮುಖವಾಗಿ ಹೋಗುವವನಿಗೆ ನೆಲದ ರೂಪವು ಮೆಲ್ಲಮೆಲ್ಲನೆ ಮಾರ್ಪಡುವುದು ಕಾಣುತ್ತದೆ. ಕಣಿವೆಗಳಲ್ಲಿಯ ಅಡಕೆಯ ತೋಟಗಳೂ ಅವುಗಳ ಮೇಲಣ ಸೊಪ್ಪಿನ ಬೆಟ್ಟಗಳೂ ಹಿಂದುಳಿದು, ಮಲೆನಾಡು ಬಯಲುಸೀಮೆಗೆ ಇಳಿಯುವ ಮುಂಡಗೋಡದ ಸೀಮೆಯಲ್ಲಿ ಭತ್ತದ ಗದ್ದೆಗಳೂ ಗೋವಿನಜೋಳದ ಹೊಲಗಳೂ ಎದುರಾಗುತ್ತವೆ. ಅವುಗಳ ನಡುವೆ ಹೊನ್ನಿನ ಬಣ್ಣದ ಶಿಖರಗಳುಳ್ಳ ಬೌದ್ಧವಿಹಾರಗಳು, ಕೆಂಗಾವಿಯನ್ನುಟ್ಟ ಭಿಕ್ಷುಗಳು, ನಮ್ಮದಲ್ಲದ ಲಿಪಿಯ ಫಲಕಗಳು. ಸುತ್ತಣ ಜನರು ಇದನ್ನು 'ಟಿಬೆಟನ್ ಕಾಲೊನಿ' ಎನ್ನುತ್ತಾರೆ; ನಿವಾಸಿಗಳು ಇಟ್ಟ ಹೆಸರು 'ದೋಗುಲಿಂಗ್', ಎಂದರೆ ಬಯಸಿದುದೆಲ್ಲ ದೊರೆಯುವ ಸ್ಥಳವೆಂದು ಅರ್ಥ.

ಈ ವಸತಿಯು ಸ್ಥಾಪಿತವಾದದ್ದು ೧೯೬೬ರಲ್ಲಿ. ಅದಕ್ಕಾಗಿ ಅಂದಿನ ಮೈಸೂರು ರಾಜ್ಯದ ಸರ್ಕಾರವು ಸುಮಾರು ೪,೦೦೦ ಎಕರೆ ಅರಣ್ಯಭೂಮಿಯನ್ನು ಗೇಣಿಯ ಮೇಲೆ ಒದಗಿಸಿತು. ಪರರ ಆಕ್ರಮಣದಿಂದ ನೆಲೆಗೆಟ್ಟ ಒಂದು ದೂರದೇಶದ ಜನಕ್ಕೆ ರಾಜ್ಯಮಟ್ಟದ ಸರ್ಕಾರವೊಂದು ಮಾಡಿದ ಈ ಸಹಾಯದ ಸ್ವರೂಪವೇನೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. 'ದಯೆ' ಎಂಬ ಒಂದೇ ಮಾತಿನಿಂದ ಇದನ್ನು ಮುಗಿಸಿಬಿಡುವ ವಾಡಿಕೆಯುಂಟು. ದಯೆಯಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ದಯೆಯು ಗಂಜಿಯ ರೂಪವನ್ನೂ ತಾಳಬಹುದು, ನೆಲದ ರೂಪವನ್ನೂ ತಾಳಬಹುದು. ಇವೆರಡರ ಫಲಗಳು ಬೇರೆ ಬೇರೆ. ಈ ಭೇದವನ್ನು ತಿಳಿಯಲು ಇದೇ ಸೀಮೆಯ ಹಿಂದಿನ ಒಂದು ವೃತ್ತಾಂತವು ನೆರವಾಗುತ್ತದೆ.

೨

ಶಿರಸಿ ತಾಲೂಕಿನ ಸೋದೆಯು ಹದಿನಾರನೆಯ ಶತಮಾನದಿಂದ ಒಂದು ನಾಯಕ ಸಂಸ್ಥಾನದ ರಾಜಧಾನಿಯಾಗಿದ್ದಿತು. ವಿಜಯನಗರದ ಮಾಂಡಲಿಕರಾಗಿ ತಲೆಯೆತ್ತಿದ ಈ ಅರಸರ ಕಾಲದಲ್ಲಿ ವಾದಿರಾಜ ಯತಿಗಳು ಇಲ್ಲಿ ನೆಲಸಿದರು. ಸ್ವರ್ಣವಲ್ಲಿಯ ಅದ್ವೈತ ಮಠವೂ ಜೈನ ಭಟ್ಟಾರಕರ ಪೀಠವೂ ಇದೇ ಪರಿಸರದಲ್ಲಿ ಬೆಳೆದುವು. ೧೭೬೩ರಲ್ಲಿ ಬಿದನೂರು ಹೈದರಾಲಿಯ ವಶವಾದ ತರುವಾಯ ಸೋದೆಗೂ ಅದೇ ಗತಿಯಾಯಿತು. ಅರಸನಾದ ಇಮ್ಮಡಿ ಸದಾಶಿವನು ಪರಿವಾರದೊಡನೆ ಘಟ್ಟವನ್ನಿಳಿದು ಗೋವೆಯ ಪೋರ್ಚುಗೀಸರಲ್ಲಿ ಶರಣುಹೊಕ್ಕನು. ಪೋಂಡಾ ಸೀಮೆಯ ಬಾಂದಿವಡೆಯಲ್ಲಿ ಅವನ ವಂಶದವರಿಗೆ ಅರಮನೆಯೂ ಜೀವನಾಂಶವೂ ದೊರೆತುವು.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದು, ಈ ಆಶ್ರಯಕ್ಕೆ ಬೆಲೆಯಿದ್ದಿತು. ಪೋಂಡಾ, ಕಾಣಕೋಣ ಮೊದಲಾಗಿ ಸೋದೆಯವರ ಹಕ್ಕಿಗೆ ಸೇರಿದ್ದ ಸೀಮೆಗಳು ಪೋರ್ಚುಗೀಸರ ಕೈಸೇರಿ, ಅವರು 'ಹೊಸ ಗೆಲವುಗಳು' ಎಂದು ಕರೆದ ಪ್ರಾಂತದ ಭಾಗಗಳಾದುವು. ಎರಡನೆಯದು, ಆಶ್ರಯವು ದೊರೆತುದು ಅರಸನ ಮನೆತನಕ್ಕೆ, ನಾಡಿಗಲ್ಲ. ಸೋದೆಯ ಪ್ರಜೆ ಇದ್ದಲ್ಲಿಯೇ ಉಳಿದು ಹೊಸ ಒಡೆಯರಿಗೆ ಕಂದಾಯ ತೆತ್ತನು. ಅರಸನು ಹೋದ ಮೇಲೂ ಮಠಗಳು ಉಳಿದುವು; ಏಕೆಂದರೆ ಅವಕ್ಕೆ ನೆಲವಿದ್ದಿತು, ಶಿಷ್ಯವರ್ಗವು ಸುತ್ತಲೂ ಇದ್ದಿತು. ಬಾಂದಿವಡೆಯ ಅರಮನೆಗಾದರೋ ಬಿರುದು ಉಳಿಯಿತೇ ಹೊರತು ರಾಜ್ಯವು ಮರಳಲಿಲ್ಲ. ನೆಲವೂ ಜನವೂ ಇಲ್ಲದ ಆಶ್ರಯವು ವ್ಯಕ್ತಿಯನ್ನು ಬದುಕಿಸಬಲ್ಲದು, ಸಮಾಜವನ್ನು ಬದುಕಿಸಲಾರದು.

೩

ಇನ್ನು ಟಿಬೆಟ್ಟಿನ ವಿಷಯ. ೧೯೫೦ರ ಅಕ್ಟೋಬರದಲ್ಲಿ ಚೀನದ ಸೇನೆಯು ಪೂರ್ವ ಟಿಬೆಟ್ಟಿನ ಛಾಮ್ದೋವನ್ನು ಹಿಡಿಯಿತು. ೧೯೫೧ರ ಮೇ ೨೩ರಂದು ಹದಿನೇಳು ಅಂಶಗಳ ಒಡಂಬಡಿಕೆಗೆ ಟಿಬೆಟ್ಟಿನ ಪ್ರತಿನಿಧಿಗಳು ಸಹಿಮಾಡಬೇಕಾಯಿತು. ೧೯೫೯ರ ಮಾರ್ಚ್ ೧೦ರಂದು ಲ್ಹಾಸಾದಲ್ಲಿ ಜನರು ದಂಗೆಯೆದ್ದರು. ಅದೇ ತಿಂಗಳ ೧೭ರ ರಾತ್ರಿ ದಲಾಯಿ ಲಾಮಾ ನಗರವನ್ನು ಬಿಟ್ಟು ತಿಂಗಳ ಕೊನೆಯಲ್ಲಿ ಭಾರತದ ಗಡಿಯನ್ನು ಪ್ರವೇಶಿಸಿದರು. ಅವರ ಹಿಂದೆ ಬಂದ ನಿರಾಶ್ರಿತರ ಸಂಖ್ಯೆ ಸುಮಾರು ೮೦,೦೦೦. ಅಸ್ಸಾಮಿನ ಮಿಸ್ಸಾಮಾರಿಯಲ್ಲಿ ಬಿದಿರಿನ ಗುಡಿಸಲುಗಳ ಬಿಡಾರಗಳಾದುವು. ಭಿಕ್ಷುಗಳನ್ನು ಬಂಗಾಲದ ಬಕ್ಸಾ ಕೋಟೆಯಲ್ಲಿ ಇರಿಸಿದರು; ಅದು ಬ್ರಿಟಿಷರ ಕಾಲದಲ್ಲಿ ರಾಜಕೀಯ ಕೈದಿಗಳ ಸೆರೆಮನೆಯಾಗಿದ್ದುದು. ಶೀತದೇಶದವರಾದ ಆ ಜನರು ಸೆಕೆಯಿಂದಲೂ ಕ್ಷಯರೋಗದಿಂದಲೂ ಬಹುವಾಗಿ ನಷ್ಟಪಟ್ಟರು.

ಭಾರತ ಸರ್ಕಾರವು ಆಗ ಇಕ್ಕಟ್ಟಿನಲ್ಲಿದ್ದಿತು. ೧೯೫೪ರ ಏಪ್ರಿಲ್ ೨೯ರ ಒಪ್ಪಂದದಲ್ಲಿ ಅದು ಟಿಬೆಟ್ಟನ್ನು ಚೀನದ ಪ್ರದೇಶವೆಂದು ಉಲ್ಲೇಖಿಸಿದ್ದಿತು; ೧೯೫೯ರಲ್ಲಿ ವಿಶ್ವಸಂಸ್ಥೆಯ ಮುಂದೆ ಟಿಬೆಟ್ಟಿನ ನಿರ್ಣಯವು ಬಂದಾಗ ತಟಸ್ಥವಾಗಿದ್ದಿತು. ಚೀನದೊಡನೆ ೧೯೬೨ರ ಯುದ್ಧವು ನಡೆದ ಬಳಿಕ, ೧೯೬೫ರಲ್ಲಿ ಮಾತ್ರ ಅಂಥ ನಿರ್ಣಯದ ಪರವಾಗಿ ಮತವಿತ್ತಿತು. ಮಾತಿನಲ್ಲಿ ಹೇಳಲಾಗದುದನ್ನು ಕೃತಿಯಲ್ಲಿ ಮಾಡಬೇಕೆಂದರೆ ಭೂಮಿ ಬೇಕು. ಸಂವಿಧಾನದ ಪ್ರಕಾರ ವಿದೇಶವ್ಯವಹಾರವು ಕೇಂದ್ರದ ಅಧಿಕಾರ, ಭೂಮಿಯು ರಾಜ್ಯಗಳ ಅಧಿಕಾರ. ಅರಣ್ಯವೂ ಆಗ ರಾಜ್ಯಗಳ ಪಟ್ಟಿಯಲ್ಲಿಯೇ ಇದ್ದಿತು. ಆದಕಾರಣ ಪ್ರಧಾನಮಂತ್ರಿ ನೆಹರೂ ಅವರು ರಾಜ್ಯಗಳನ್ನು ಕೇಳಬೇಕಾಯಿತು, ಮೈಸೂರು ಮುಂದೆ ಬಂದಿತು. ವಿದೇಶನೀತಿಯೆಂಬುದೇ ಇಲ್ಲದ ಸರ್ಕಾರವೊಂದು, ವಿದೇಶನೀತಿಯುಳ್ಳ ಸರ್ಕಾರವು ತಾನಾಗಿ ಕೊಡಲಾರದ ವಸ್ತುವನ್ನು ಕೊಟ್ಟಿತು.

ಹೀಗೆ ಕೊಟ್ಟವರು ಯಾರು? ಜನರ ನೆನಪು ಎಸ್. ನಿಜಲಿಂಗಪ್ಪನವರ ಹೆಸರನ್ನು ಹೇಳುತ್ತದೆ. ದಲಾಯಿ ಲಾಮಾ ಅವರೂ ತಮ್ಮ ಭಾಷಣಗಳಲ್ಲಿ ನಿಜಲಿಂಗಪ್ಪನವರನ್ನು ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಮುಂಡಗೋಡದ ಮಟ್ಟಿಗೆ ಇದು ಕಾಲಾನುಗುಣವಾಗಿಯೇ ಇದೆ. ಆದರೆ ಬೈಲುಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆಯ ಮೊದಲ ವಸತಿಯು ೧೯೬೦ರಲ್ಲಿ ಆರಂಭವಾದಾಗ ಮುಖ್ಯಮಂತ್ರಿಗಳಾಗಿದ್ದವರು ಬಿ. ಡಿ. ಜತ್ತಿಯವರು. ನಿಜಲಿಂಗಪ್ಪನವರು ೧೯೫೮ರಲ್ಲಿ ಅಧಿಕಾರವನ್ನು ಬಿಟ್ಟು, ೧೯೬೨ರ ಜೂನಿನಲ್ಲಿ ಮರಳಿ ಬಂದರು. ಬೈಲುಕುಪ್ಪೆಯ ಎರಡನೆಯ ವಸತಿ ೧೯೬೯ರದು. ಅದು ವೀರೇಂದ್ರ ಪಾಟೀಲರ ಕಾಲ. ಹುಣಸೂರು ಮತ್ತು ಕೊಳ್ಳೇಗಾಲ ಸೀಮೆಯ ವಸತಿಗಳು ೧೯೭೦ರ ದಶಕದ ಮೊದಲ ಭಾಗದಲ್ಲಿ ಆದುವು. ಅದು ಬಹುಮಟ್ಟಿಗೆ ದೇವರಾಜ ಅರಸರ ಕಾಲ, ಹುಣಸೂರು ಅವರ ಸ್ವಂತ ಕ್ಷೇತ್ರ. ಈ ಕಾಲಗಣನೆಯಿಂದ ಯಾರ ಕೀರ್ತಿಗೂ ಕುಂದಿಲ್ಲ. ಒಬ್ಬರ ಔದಾರ್ಯವೆಂದು ತಿಳಿದುದು ವಾಸ್ತವವಾಗಿ ಒಂದಾದಮೇಲೊಂದು ಬಂದ ಮಂತ್ರಿಮಂಡಲಗಳು, ಪರಸ್ಪರ ವಿರೋಧಿಗಳಾದ ಕಾಲದಲ್ಲಿಯೂ, ಕೈಬಿಡದೆ ನಡೆಸಿದ ಕಾರ್ಯವೆಂದು ಇದರಿಂದ ತಿಳಿಯಬರುತ್ತದೆ. ಅದೇ ಹೆಚ್ಚಿನ ಮಾತು. ಒಬ್ಬ ದಾನಿಯ ಮನಸ್ಸು ಅವನೊಡನೆ ಹೋಗಬಹುದು. ರಾಜ್ಯದ ರೂಢಿಯಾದುದು ಉಳಿಯುತ್ತದೆ.

೪

ಇನ್ನು ಕೊಟ್ಟದ್ದೇನೆಂಬುದನ್ನು ನೋಡೋಣ. ನಿರಾಶ್ರಿತರನ್ನು ಊರೂರಿಗೆ ಹಂಚಿ ಕೂಲಿಗೆ ಹಚ್ಚುವುದು ಸುಲಭವಾದ ಮಾರ್ಗವಾಗಿದ್ದಿತು. ಮೊದಲಿಗೆ ಸಾವಿರಾರು ಟಿಬೆಟ್ಟಿಗರು ಹಿಮಾಲಯದ ರಸ್ತೆಯ ಕೆಲಸಕ್ಕೆ ಹೋದದ್ದೂ ಉಂಟು. ನೆಹರೂ ಅವರೂ ದಲಾಯಿ ಲಾಮಾ ಅವರೂ ಒಪ್ಪಿದ ಮಾರ್ಗವು ಬೇರೆ: ಜನರನ್ನು ಒಂದೆಡೆಯಲ್ಲಿ ನೆಲೆಗೊಳಿಸಿ, ಬೇಸಾಯವನ್ನು ಆಧಾರವಾಗಿ ಕೊಟ್ಟು, ಮಕ್ಕಳಿಗೆ ಅವರ ಭಾಷೆಯನ್ನು ಬಿಡದ ಶಾಲೆಗಳನ್ನು ತೆರೆಯುವುದು. ಈ ಶಾಲೆಗಳಿಗಾಗಿ ಕೇಂದ್ರದ ಶಿಕ್ಷಣ ಇಲಾಖೆಯ ಆಶ್ರಯದಲ್ಲಿ ೧೯೬೧ರಲ್ಲಿ ಒಂದು ಸಂಘವು ಸ್ಥಾಪಿತವಾಯಿತು. ಒಟ್ಟಾದ ನೆಲವಿಲ್ಲದೆ ಒಟ್ಟಾದ ಶಾಲೆಯಿಲ್ಲ; ಶಾಲೆಯಿಲ್ಲದೆ ಭಾಷೆಯಿಲ್ಲ. ಮೈಸೂರಿನ ಗೇಣಿಪತ್ರದ ನಿಜವಾದ ಅರ್ಥವು ಇದು.

ಮುಂಡಗೋಡದಲ್ಲಿ ಕಾಡನ್ನು ಕಡಿದು ಸಮಮಾಡಿ, ನಂಬರುಗಳಿಂದ ಕರೆಯಲ್ಪಡುವ ಕ್ಯಾಂಪುಗಳನ್ನು ಕಟ್ಟಿದರು. ಯವವನ್ನೂ ಚಮರೀಮೃಗವನ್ನೂ ಬಲ್ಲವರು ಭತ್ತವನ್ನೂ ಗೋವಿನಜೋಳವನ್ನೂ ಮಳೆಗಾಲದ ಬೇಸಾಯದ ಮರ್ಮವನ್ನೂ ಹೊಸದಾಗಿ ಕಲಿಯಬೇಕಾಯಿತು. ಸಹಕಾರ ಸಂಘವಾಯಿತು, ಆಸ್ಪತ್ರೆಯಾಯಿತು. ಹೊಲದ ಹುಟ್ಟುವಳಿ ಸಾಲದಾದಾಗ ಚಳಿಗಾಲದಲ್ಲಿ ನಗರಗಳಿಗೆ ಹೋಗಿ ಉಣ್ಣೆಯ ಅಂಗಿಗಳನ್ನು ಮಾರುವ ವ್ಯಾಪಾರವು ಬೆಳೆಯಿತು.

ಇದಕ್ಕಿಂತಲೂ ವಿಶೇಷವಾದುದು ವಿಹಾರಗಳ ಪುನಃಪ್ರತಿಷ್ಠೆ. ತ್ಸೊಂಗ್‌ಖಾಪನು ೧೪೦೯ರಲ್ಲಿ ಸ್ಥಾಪಿಸಿದ ಗಾಂದೆನ್, ೧೪೧೬ರಲ್ಲಿ ಸ್ಥಾಪಿತವಾದ ಡ್ರೆಪುಂಗ್, ೧೪೧೯ರ ಸೆರಾ ಇವು ಲ್ಹಾಸಾದ ಮೂರು ಮಹಾವಿದ್ಯಾಪೀಠಗಳು. ಬಕ್ಸಾದಲ್ಲಿ ಬದುಕುಳಿದ ಭಿಕ್ಷುಗಳು ೧೯೬೦ರ ದಶಕದ ಕೊನೆಯ ಹೊತ್ತಿಗೆ ದಕ್ಷಿಣಕ್ಕೆ ಬಂದಾಗ ಗಾಂದೆನ್ ಮತ್ತು ಡ್ರೆಪುಂಗ್ ಮುಂಡಗೋಡದಲ್ಲಿಯೂ, ಸೆರಾ ಬೈಲುಕುಪ್ಪೆಯಲ್ಲಿಯೂ ನೆಲಸಿದುವು. ಮೊದಲ ವರ್ಷಗಳಲ್ಲಿ ಭಿಕ್ಷುಗಳು ಹಗಲು ಉತ್ತು ಬಿತ್ತಿ, ಉಳಿದ ಹೊತ್ತಿನಲ್ಲಿ ಪ್ರಮಾಣಶಾಸ್ತ್ರವನ್ನೂ ಮಾಧ್ಯಮಿಕ ದರ್ಶನವನ್ನೂ ಓದಿದರು. ನಾಲಂದೆಯಿಂದ ಹಿಮಾಲಯವನ್ನು ದಾಟಿ ಹೋಗಿದ್ದ ತರ್ಕಪರಂಪರೆಯು ಹೀಗೆ ಶಿರಸಿಯ ನೆರೆಗೆ ಬಂದಿತು. ಶಿರಸಿ ತಾಲೂಕಿನಲ್ಲಿಯೇ ಇರುವ ಬನವಾಸಿಯನ್ನು ಬಲ್ಲ ವಾಚಕರಿಗೆ ಇನ್ನೊಂದು ಸಂಗತಿಯು ಹೊಳೆಯದಿರದು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಥೇರನನ್ನು ವನವಾಸಕ್ಕೆ ಕಳುಹಿಸಿದರೆಂದು ಸಿಂಹಳದ 'ಮಹಾವಂಸ'ವು ಹೇಳುತ್ತದೆ. ಅಂದು ಧರ್ಮವು ಬಂದದ್ದು ದೂತನಾಗಿ. ೧೯೬೬ರ ತರುವಾಯ ಬಂದದ್ದು ಶರಣಾರ್ಥಿಯಾಗಿ.

೫

ಈ ಚಿತ್ರದಲ್ಲಿ ನೆರಳಿಲ್ಲವೆಂದರೆ ಇತಿಹಾಸಕ್ಕೆ ಅಪಚಾರವಾದೀತು. ಉತ್ತರ ಕನ್ನಡದಲ್ಲಿ ನೆಲವೆಂಬುದು ಬಹು ನೋವಿನ ವಿಷಯ. ಜಿಲ್ಲೆಯ ಬಹುಭಾಗವು ಸರ್ಕಾರದ ಅರಣ್ಯ. ಸಾಗುವಳಿಗೆ ಉಳಿದುದು ಅಲ್ಪ. ೧೯೩೦ರ ದಶಕದ ಮೊದಲಲ್ಲಿ ಸಿದ್ದಾಪುರ ಮತ್ತು ಅಂಕೋಲೆ ತಾಲೂಕುಗಳ ರೈತರು ಕರನಿರಾಕರಣೆಯ ಚಳವಳಿಯಲ್ಲಿ ಜಮೀನುಗಳನ್ನು ಜಪ್ತಿಗೆ ಒಪ್ಪಿಸಿ ನಿರಾಶ್ರಿತರಾದರು. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ೧೯೩೨ರಲ್ಲಿ ಹೆಂಗಸರು, ಜಪ್ತಿಯ ಸ್ವತ್ತನ್ನು ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಬಂದ ಬಳಿಕವೇ ಆ ಜಮೀನುಗಳು ಮರಳಿದುವು. ಆಶ್ರಯದಾನಕ್ಕೆ ಈ ಅನುಭವವೇ ಕಾರಣವಾಯಿತೆಂದು ಹೇಳುವುದು ಅತಿಯಾದೀತು. ಆದರೆ ೧೯೬೬ರಲ್ಲಿ ಟಿಬೆಟ್ಟಿಗರು ಬಂದಾಗ, ನೆಲಗೆಡುವುದೆಂದರೇನೆಂಬುದನ್ನು ಮೈಯಾರೆ ಬಲ್ಲವರು ನೆರೆಯ ತಾಲೂಕಿನಲ್ಲಿ ಇನ್ನೂ ಜೀವಿಸಿದ್ದರು.

ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನಲ್ಲಿರುವ ಸಿದ್ದಿಗಳ ಸಂಗತಿ ಇದಕ್ಕಿಂತ ಕಠಿನವಾದುದು. ಆಫ್ರಿಕ ಮೂಲದ ಈ ಜನರ ಪೂರ್ವಿಕರಲ್ಲಿ ಹಲವರು ಗೋವೆಯ ದಾಸ್ಯದಿಂದ ತಪ್ಪಿಸಿಕೊಂಡು ಘಟ್ಟವನ್ನು ಹತ್ತಿದವರೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಸೋದೆಯ ಅರಸನಿಗೆ ಅಭಯವಿತ್ತ ಗೋವೆಯಿಂದಲೇ ಇವರು ಅಭಯವನ್ನರಸಿ ಈ ಕಾಡಿಗೆ ಬಂದರು! ಇವರಿಗೆ ಯಾವ ಸರ್ಕಾರವೂ ಸಾವಿರಾರು ಎಕರೆಯ ಗೇಣಿಪತ್ರವನ್ನು ಬರೆದುಕೊಡಲಿಲ್ಲ. ಪರಿಶಿಷ್ಟ ಪಂಗಡದ ಮನ್ನಣೆ ದೊರೆತುದು ೨೦೦೩ರಲ್ಲಿ. ಅರಣ್ಯದಲ್ಲಿ ತಲೆಮಾರುಗಳಿಂದ ಉತ್ತುಬಂದ ಇತರರು ೨೦೦೬ರ ಅರಣ್ಯಹಕ್ಕಿನ ಕಾಯಿದೆಯ ಮೇರೆಗೆ ಎಪ್ಪತ್ತೈದು ವರ್ಷಗಳ ವಾಸಕ್ಕೆ ಸಾಕ್ಷ್ಯವನ್ನು ಹುಡುಕಬೇಕಾಯಿತು. 'ಪರದೇಶದವರಿಗೆ ಕೊಟ್ಟಿರಿ, ನಮಗೇಕಿಲ್ಲ?' ಎಂಬ ಪ್ರಶ್ನೆ ಇಲ್ಲಿ ಹುಟ್ಟಿದರೆ ಅದನ್ನು ಅಸೂಯೆಯೆಂದು ತಳ್ಳಿಬಿಡಲಾಗದು. ಆದರೆ ಆ ಪ್ರಶ್ನೆಯ ಉತ್ತರವು ಟಿಬೆಟ್ಟಿಗನಿಂದ ಕಿತ್ತುಕೊಳ್ಳುವುದರಲ್ಲಿಲ್ಲ. ಮನಸ್ಸಿದ್ದರೆ ಸರ್ಕಾರಕ್ಕೆ ಇದು ಸಾಧ್ಯವೆಂಬುದನ್ನು ೧೯೬೬ರ ಗೇಣಿಪತ್ರವೇ ತೋರಿಸಿಕೊಟ್ಟಿದೆ ಎಂಬುದರಲ್ಲಿದೆ.

೬

ಕಾಲವೂ ಈ ಕಾರ್ಯಕ್ಕೆ ಅನುಕೂಲವಾಗಿದ್ದಿತೆಂಬುದನ್ನು ಮರೆಯಬಾರದು. ೧೯೭೬ರ ತಿದ್ದುಪಡಿಯಿಂದ ಅರಣ್ಯವು ಸಮವರ್ತಿ ಪಟ್ಟಿಗೆ ಸೇರಿತು. ೧೯೮೦ರ ಅರಣ್ಯ ಸಂರಕ್ಷಣೆಯ ಕಾಯಿದೆಯಾದ ಮೇಲೆ ಕೇಂದ್ರದ ಅನುಮತಿಯಿಲ್ಲದೆ ರಾಜ್ಯವು ಅರಣ್ಯವನ್ನು ಹೀಗೆ ಬಿಟ್ಟುಕೊಡುವಂತಿಲ್ಲ. ಕರ್ನಾಟಕದ ಐದು ವಸತಿಗಳೂ ಈ ಬಾಗಿಲು ಮುಚ್ಚುವುದಕ್ಕೆ ಮುಂಚೆ ಸ್ಥಾಪಿತವಾದುವು.

ಕೊಟ್ಟದ್ದು ಗೇಣಿ, ಒಡೆತನವಲ್ಲ. ನಿರಾಶ್ರಿತರನ್ನು ಕುರಿತ ೧೯೫೧ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವು ಸೇರಿಲ್ಲ. ಆದುದರಿಂದ ಪೌರತ್ವವನ್ನು ಪಡೆಯದ ಟಿಬೆಟ್ಟಿಗನು ಕಾನೂನಿನಲ್ಲಿ ನೋಂದಾಯಿತ ವಿದೇಶೀಯನೇ. ೧೯೮೭ರ ಜುಲೈಗೆ ಮುಂಚೆ ಭಾರತದಲ್ಲಿ ಜನಿಸಿದವರು ಜನ್ಮತಃ ಪೌರರೆಂಬುದನ್ನು ೨೦೧೦ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವೂ ೨೦೧೩ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿದುವು. ಆದರೆ ಪೌರತ್ವವನ್ನು ಸ್ವೀಕರಿಸಿದರೆ ಸ್ವದೇಶದ ಆಸೆಯನ್ನು ಬಿಟ್ಟಂತಾಗುವುದೇ ಎಂಬ ಸಂದೇಹವು ಹಲವರನ್ನು ತಡೆದಿದೆ. ೨೦೧೪ರಲ್ಲಿ ಕೇಂದ್ರವು ಪುನರ್ವಸತಿಯ ನೀತಿಯೊಂದನ್ನು ಪ್ರಕಟಿಸಿ, ಗೇಣಿಪತ್ರಗಳನ್ನು ಕ್ರಮಪಡಿಸಲು ರಾಜ್ಯಗಳಿಗೆ ಸೂಚಿಸಿತು. ೨೦೧೮ರ ಆಗಸ್ಟ್ ೧೦ರಂದು ಟಿಬೆಟ್ಟಿಗರು ಬೆಂಗಳೂರಿನಲ್ಲಿ ಸಭೆ ಸೇರಿ ಕರ್ನಾಟಕಕ್ಕೆ ಕೃತಜ್ಞತೆಯನ್ನು ಸಲ್ಲಿಸಿದರು.

ಈಗ ಎರಡು ವೃತ್ತಾಂತಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಬಹುದು. ಗೋವೆಯು ಸೋದೆಯ ಅರಸನಿಗೆ ಅರಮನೆಯನ್ನಿತ್ತು ನಾಡನ್ನು ಪಡೆಯಿತು. ಮೈಸೂರು ಟಿಬೆಟ್ಟಿನ ಜನಕ್ಕೆ ನೆಲವನ್ನಿತ್ತಿತು. ಅದಕ್ಕೆ ಪ್ರತಿಯಾಗಿ ಯಾವ ಸೀಮೆಯನ್ನೂ ಪಡೆಯಲಿಲ್ಲ. ಸೋದೆಯ ಸಿಂಹಾಸನವು ಆಶ್ರಯದಲ್ಲಿಯೇ ನಂದಿಹೋಯಿತು. ಗಾಂದೆನ್ ಮತ್ತು ಡ್ರೆಪುಂಗಿನ ವಾದಾಂಗಣಗಳಲ್ಲಿ ಭಿಕ್ಷುಗಳು ಕೈಚಪ್ಪಾಳೆಯೊಡನೆ ಪೂರ್ವಪಕ್ಷ ಸಿದ್ಧಾಂತಗಳನ್ನು ಇಂದಿಗೂ ಮಂಡಿಸುತ್ತಿದ್ದಾರೆ. ಆಕ್ರಾಂತ ದೇಶದೊಡನೆ ಸಹಾನುಭೂತಿಯನ್ನು ಸಾರುವ ನಿರ್ಣಯಗಳು ಆಯಾ ವರ್ಷದ ಕಡತಗಳಲ್ಲಿ ಉಳಿಯುತ್ತವೆ. ಎಕರೆಗಳ ಲೆಕ್ಕದಲ್ಲಿ ತೋರಿದ ಸಹಾನುಭೂತಿಯಾದರೋ, ಅದನ್ನು ಪಡೆದವರ ಮೊಮ್ಮಕ್ಕಳ ನಾಲಗೆಯ ಮೇಲೆ ಅವರ ತಾಯ್ನುಡಿಯಾಗಿ ಉಳಿದಿದೆ.